ಪುಕ್ಕಟೆ ಬೀಗ

ಬೀಗದವನನ್ನು ಅವಳು ಮೊದಲ ಸಲ ಕಂಡದ್ದು ಒಡೆದ ಬಾಗಿಲಿನ ಆಚೆಯಿಂದ.

ಸೋಮವಾರ ಬೆಳಿಗ್ಗೆ ಹತ್ತೂವರೆ. ಬಿಸಿಲು ಓಣಿಯ ಒಂದೇ ಮಗ್ಗುಲಿಗೆ ಬಿದ್ದಿತ್ತು. ಪೊಲೀಸರು ಐದು ಜನ. ಮುಂದೆ ಇನ್ಸ್‌ಪೆಕ್ಟರ್, ಹಿಂದೆ ಮೀಸೆ ದಫೇದಾರ, ಇಬ್ಬರು ಪೇದೆಗಳು, ಎಲ್ಲರಿಗಿಂತ ಹಿಂದೆ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಅವಳು. ಠಾಣೆಯ ಕಂಪ್ಯೂಟರ್ ಕೆಲಸವೆಲ್ಲ ಅವಳ ತಲೆಗೇ ಕಟ್ಟಿದ್ದರಿಂದ ಎಲ್ಲರೂ ಅವಳನ್ನು ಕಂಪ್ಯೂಟರಮ್ಮ ಎನ್ನುತ್ತಿದ್ದರು. ಈ ಮನೆಯ ವಿಳಾಸ ಹುಡುಕಿ ಕೊಟ್ಟವಳೂ ಅವಳೇ.

ದಫೇದಾರ ಬಾಗಿಲು ಬಡಿದ. ಒಳಗಿನಿಂದ ಉತ್ತರ ಬರಲಿಲ್ಲ. ಆದರೆ ಯಾರೋ ಇದ್ದರು. ಒಂದೇ ಮಾತನ್ನು ಮೆಲ್ಲಗೆ ಮತ್ತೆ ಮತ್ತೆ ಹೇಳುತ್ತಿರುವ ಸದ್ದು ಕೇಳುತ್ತಿತ್ತು. ಮತ್ತೆ ಬಡಿದ. ಸದ್ದು ನಿಲ್ಲಲಿಲ್ಲ, ಬಾಗಿಲೂ ತೆರೆಯಲಿಲ್ಲ.

"ಒದೀರಿ," ಎಂದರು ಇನ್ಸ್‌ಪೆಕ್ಟರ್.

ಮೂರು ಒದೆತಕ್ಕೂ ಬಾಗಿಲು ಜಗ್ಗಲಿಲ್ಲ. ನಾಲ್ಕನೆಯ ಸಲ ದಫೇದಾರ ಮತ್ತು ಒಬ್ಬ ಪೇದೆ ಒಟ್ಟಿಗೆ ಭುಜ ಕೊಟ್ಟಾಗ ಮರದ ಚೌಕಟ್ಟೇ ಉದ್ದಕ್ಕೆ ಸೀಳಿ ಗೋಡೆಯ ಗಾರೆಯ ಸಮೇತ ಒಳಗೆ ಬಿತ್ತು. ಬೀಗ ಮಾತ್ರ ಹಲ್ಲು ಕಚ್ಚಿಕೊಂಡು ಹಾಗೇ ಇತ್ತು.

"ಎಂಥಾ ಬೀಗ ಹಾಕಿದಾನೋ ಪುಣ್ಯಾತ್ಮ! ಗೋಡೆ ಬಂತು, ಇದು ಬರಲಿಲ್ಲ," ಎಂದು ದಫೇದಾರ ಭುಜ ಉಜ್ಜಿಕೊಂಡ.

ಧೂಳಿನಾಚೆ ಕಿರಿದಾದ ಕೋಣೆ. ಗೋಡೆಯ ಮೊಳೆಗಳ ತುಂಬ ಕೀಲಿಗಳು, ಮೇಜಿನ ಇಕ್ಕಳದಲ್ಲಿ ಅರದಿಂದ ಅರ್ಧ ಉಜ್ಜಿದ ಒಂದು ಕೀಲಿ. ಮೇಜಿನ ಹಿಂದೆ ಮೂವತ್ತೈದರ ಆಸುಪಾಸಿನ ಗಂಡಸು. ಕಿವಿಗೆ ದೊಡ್ಡ ಹೆಡ್‌ಫೋನ್, ತೋಳಿನ ಕೂದಲಿನಲ್ಲಿ ಹಿತ್ತಾಳೆ ಪುಡಿ. ಎದುರಿಗೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದ ಫೋನು. ಪೊಲೀಸರನ್ನು ಕಂಡವನೇ ಅವನು ಕೈ ಎತ್ತಲಿಲ್ಲ, ಓಡಲಿಲ್ಲ. ಫೋನನ್ನು ಎಳೆದು ಅಂಗಿಯೊಳಗೆ ತುರುಕಿಕೊಂಡ.

ಇನ್ಸ್‌ಪೆಕ್ಟರ್ ಲಾಠಿ ಅವನ ಮೊಣಕೈಗೆ ಬಿತ್ತು. ಅವನ ಬಾಯಿ ತೆರೆಯಿತು, ಕತ್ತಿನ ನರ ಉಬ್ಬಿದವು, ತುಟಿ ನಡುಗಿತು, ಮಾತು ಮಾತ್ರ ಹೊರಡಲಿಲ್ಲ.

ಸಿಕ್ಕಿಬಿದ್ದವನ ಮುಖ ಅಂದರೆ ಇದೇ ಎಂದುಕೊಂಡಳು ಅವಳು. ಆ ಮಾತನ್ನು ಮನಸ್ಸಿನಲ್ಲಿ ಎಷ್ಟು ಖಚಿತವಾಗಿ ಅಂದುಕೊಂಡೆ ಎಂಬುದು ಅವಳಿಗೆ ಇವತ್ತಿಗೂ ನೆನಪಿದೆ.

ಅಷ್ಟು ಖಚಿತವಾಗಿರಲು ಅವಳಿಗೆ ಕಾರಣವಿತ್ತು. ಸರ್ಕಾರಿ ಆಸ್ಪತ್ರೆಯ ಗಾಯದ ವಾರ್ಡಿನ ಡಾಕ್ಟರಮ್ಮನಿಗೆ ಎರಡು ತಿಂಗಳಿಂದ ಬೆದರಿಕೆ ಬರುತ್ತಿತ್ತು. ಕಂಟ್ರಾಕ್ಟರನ ಮಗ ಒಬ್ಬ ಕೂಲಿಯಾಳನ್ನು ಕಬ್ಬಿಣದ ಸರಳಿನಿಂದ ಹೊಡೆದಿದ್ದ. ಆ ಗಾಯಗಳು ಎಲ್ಲಿ, ಎಷ್ಟು ಉದ್ದ, ಎಷ್ಟು ಆಳ ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. "ಜಾರಿ ಬಿದ್ದದ್ದು ಅಂತ ತಿದ್ದು, ಇಲ್ಲದಿದ್ದರೆ ನಿನ್ನ ಮುಖ ನೀನೇ ಗುರುತಿಸಲಾರೆ" ಎಂದು ಮೊದಲ ಸಂದೇಶ. ಹದಿನಾಲ್ಕನೆಯದು ಬಂದ ಮಾರನೆಯ ದಿನ ಅವರ ಗೇಟಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ್ದರು. ಗೇಟಿನ ಹತ್ತಿರವಿದ್ದ ಅವರ ತಾಯಿಯ ಎರಡೂ ಪಾದ ಸುಟ್ಟಿದ್ದವು.

ಸಂದೇಶಗಳು ಯಾವ ಐಪಿ ನಂಬರಿನಿಂದ ಹೊರಟಿವೆ ಎಂದು ಅವಳು ಹುಡುಕಿದಳು. ಐಪಿ ನಂಬರ್ ಎಂದರೆ ಇಂಟರ್ನೆಟ್ಟಿನಲ್ಲಿ ಒಂದು ಮನೆಗಿರುವ ಬಾಗಿಲ ನಂಬರ್ ಇದ್ದಂತೆ. ಅರ್ಜಿಯ ಮೇಲೆ ಅರ್ಜಿ ಬರೆದು, ಇಂಟರ್ನೆಟ್ ಕಂಪನಿಯವರ ಬೆನ್ನು ಬಿಡದೆ ಹದಿನೆಂಟು ದಿನ ಕಾದಳು. ಹದಿನಾಲ್ಕು ಸಂದೇಶಗಳಲ್ಲಿ ಹನ್ನೊಂದು ಒಂದೇ ಮನೆಯಿಂದ ಹೊರಟಿದ್ದವು. ಅದು ಬೀಗದವನ ಅಣ್ಣನ ಹೆಸರಿನಲ್ಲಿದ್ದ ವೈಫೈ. ಇನ್ಸ್‌ಪೆಕ್ಟರ್ ಎಲ್ಲರೆದುರು, "ನೋಡಿ ಕಲೀರಿ. ಈ ಹುಡುಗಿ ಕೂತ ಜಾಗದಿಂದ ಎದ್ದಿಲ್ಲ, ಕಳ್ಳನ ಮನೆ ಬಾಗಿಲಿಗೆ ತಂದು ನಿಲ್ಲಿಸಿದಾಳೆ," ಎಂದಿದ್ದರು. ಅವಳ ಮನೆತನದಲ್ಲಿ ಪದವಿಯವರೆಗೆ ಓದಿದವಳು ಅವಳೊಬ್ಬಳೇ. ಆ ದಿನ ಊರಿಗೆ ಫೋನ್ ಮಾಡಿ ಅಪ್ಪನಿಗೆ ಆ ಮಾತನ್ನು ಎರಡು ಸಲ ಹೇಳಿದ್ದಳು.

ಠಾಣೆಯ ಹಿಂಬದಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಫೋನು ಬಚ್ಚಿಟ್ಟವನು ತಮ್ಮನಾದ್ದರಿಂದ ಅಣ್ಣನನ್ನು ಯಾರೂ ಕೇಳಲಿಲ್ಲ. ಬಂಧನದ ಪುಸ್ತಕದಲ್ಲಿ ಬೀಗದವನ ಹೆಸರು ಬರೆಯಲಿಲ್ಲ. ವಿಚಾರಣೆಗೆ ಕರೆತಂದದ್ದು, ಅಷ್ಟೇ.

"ಡಾಕ್ಟರಮ್ಮನಿಗೆ ಬರೆದವನು ನೀನೇ ತಾನೇ?"

"ನ... ನ..."

"ನ ಅಂದ್ರೆ? ನಾನೇ ಅಂತಲೋ, ನಾನಲ್ಲ ಅಂತಲೋ?"

ಪೇದೆಗಳು ನಕ್ಕರು. ಬೀಗದವನು ಕಣ್ಣು ಮುಚ್ಚಿ, ತೊಡೆಯನ್ನು ಬೆರಳಿನಿಂದ ತಟ್ಟುತ್ತ ಒಂದು ಅಕ್ಷರಕ್ಕೆ ಹೆಣಗಿದ. ಅವನಿಗೆ ಹುಟ್ಟಿನಿಂದ ಉಗ್ಗು. ಹೆದರಿದರೆ ನಾಲಿಗೆಗೇ ಬೀಗ ಬೀಳುತ್ತಿತ್ತು. ಅಲ್ಲಿದ್ದವರಿಗೆ ಅದು ನಾಟಕವಾಗಿ ಕಂಡಿತು.

"ಕಥೆ ಕಟ್ಟೋಕೆ ಟೈಮ್ ತಗೋತಿದಾನೆ," ಎಂದರು ಇನ್ಸ್‌ಪೆಕ್ಟರ್. "ಇವನು ಬಾಯಲ್ಲಿ ಮಾತಾಡಲ್ಲ, ಬೆರಳಲ್ಲಿ ಬರೀತಾನೆ. ಬೆರಳನ್ನೇ ಕೇಳೋಣ. ಕಂಪ್ಯೂಟರಮ್ಮಾ, ಆ ಬಲಗೈ ಮೇಜಿನ ಮೇಲೆ ಹಿಡಿ."

ಅವಳು ಹಿಡಿದಳು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಸುಟ್ಟ ಪಾದಗಳ ಫೋಟೋ ಅವಳ ಕಣ್ಣ ಮುಂದಿತ್ತು. ಎರಡೂ ಕೈಯಿಂದ ಅವನ ಮಣಿಕಟ್ಟು ಒತ್ತಿ ಹಿಡಿದಳು. ಲಾಠಿ ಬೆರಳುಗಳ ಮೇಲೆ ಅಡ್ಡಕ್ಕೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದು ಅವಳ ಅಂಗೈಯವರೆಗೂ ಬಂತು. ಎರಡನೆಯ ಏಟಿಗೆ ತೋರುಬೆರಳು ಪಕ್ಕಕ್ಕೆ ಹೊರಳಿ ನಿಂತಿತು. ಮೂರನೆಯದಕ್ಕೆ ಅವನು ಕೂಗಿದ. ಆ ಕೂಗಿನಲ್ಲಿ ಉಗ್ಗು ಇರಲಿಲ್ಲ.

"ಇವತ್ತು ಬಲಗೈ. ಬಾಯಿ ಬಿಡದಿದ್ರೆ ಬುಧವಾರ ಎಡಗೈ," ಎಂದು ಇನ್ಸ್‌ಪೆಕ್ಟರ್ ಲಾಠಿಯನ್ನು ಕರವಸ್ತ್ರದಿಂದ ಒರೆಸಿದರು.

ಆಮೇಲೆ ಅವಳು ಅವನ ಫೋನನ್ನು ತನ್ನ ಮೇಜಿಗೆ ತಂದಳು. ಅದರಲ್ಲಿ ವಿಪಿಎನ್ ಇತ್ತು. ನಾವು ನೋಡುವುದನ್ನು, ಬರೆಯುವುದನ್ನು ಮುಚ್ಚಿದ ಕೊಳವೆಯೊಂದರಲ್ಲಿ ಹಾಯಿಸಿ ಬೇರೆಲ್ಲೋ ಹೊರಬಿಡುವ ಆ್ಯಪ್ ಅದು. ಮನೆಯವರಿಗೂ ಕಂಪನಿಯವರಿಗೂ ಒಳಗೇನಿದೆ ಎಂದು ಕಾಣುವುದಿಲ್ಲ. ಪುಕ್ಕಟೆಯದು. ಅದರ ಗುರುತು ಒಂದು ಹಸಿರು ಬೀಗದ ಚಿತ್ರ.

"ಬಚ್ಚಿಡೋದು ಏನೂ ಇಲ್ಲದವನಿಗೆ ಇದ್ಯಾಕೆ?" ಎಂದರು ಇನ್ಸ್‌ಪೆಕ್ಟರ್. ಅವಳೂ ತಲೆಯಾಡಿಸಿದಳು.

ಫೋನಿನ ಸಿಮ್ಮಿನಲ್ಲಿ ಡೇಟಾ ಮುಗಿದಿತ್ತು. ಹಳೆಯ ಸಂದೇಶಗಳನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ವಶಪಡಿಸಿಕೊಂಡ ಫೋನನ್ನು ಆರಿಸಿ, ಲಕೋಟೆಗೆ ಹಾಕಿ, ಅರಗು ಒತ್ತಬೇಕು ಎಂಬ ನಿಯಮ ಅವಳಿಗೆ ಬಾಯಿಪಾಠವಿತ್ತು. ಆದರೂ ಕೆಲಸ ಬೇಗ ಮುಗಿಸಿ ಹೆಸರು ತಗೊಳ್ಳುವ ಆತುರ. ಠಾಣೆಯ ವೈಫೈಗೆ ಅದನ್ನು ಸೇರಿಸಿ, ಚಾರ್ಜಿಗೆ ಹಾಕಿ ಹಾಗೇ ಬಿಟ್ಟಳು.

ಫೋನಿನಲ್ಲಿ ಒಂದೂ ಬೆದರಿಕೆ ಸಿಗಲಿಲ್ಲ. ಸಿಕ್ಕಿದ್ದು ಒಂದು ಗುಂಪು. ಉಗ್ಗು ಇರುವ ಹನ್ನೆರಡು ಜನ ವಾರಕ್ಕೆ ಎರಡು ಸಲ ಒಟ್ಟಿಗೆ ಸೇರಿ ಮಾತಿನ ಅಭ್ಯಾಸ ಮಾಡುವ ಗುಂಪು. ಅವತ್ತಿನ ಪಾಠ: "ನಮಸ್ಕಾರ, ನಾನು ಬೀಗದ ಕೆಲಸ ಮಾಡುತ್ತೇನೆ." ಬಾಗಿಲು ಒದೆಯುವಾಗ ಒಳಗೆ ಕೇಳುತ್ತಿದ್ದದ್ದು ಅದೇ ಮಾತು. ಆದರೂ ಐಪಿ ನಂಬರ್ ಸುಳ್ಳಾಡುವುದಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸಂಜೆ ಐದೂ ನಲವತ್ತಕ್ಕೆ ಡಾಕ್ಟರಮ್ಮನಿಗೆ ಹದಿನೈದನೆಯ ಸಂದೇಶ ಬಂತು. "ಅಮ್ಮನ ಕಾಲು ಆಯ್ತು. ಮುಂದಿನದು ನಿನ್ನ ಕಣ್ಣು." ಬೀಗದವನು ಆಗ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಂಬಿಯ ಹಿಂದೆ ಕೂತಿದ್ದ.

"ಜೊತೆಗಾರ ಇದಾನೆ. ಹೊರಗಿಂದ ಕಳಿಸ್ತಿದಾನೆ," ಎಂದು ಇನ್ಸ್‌ಪೆಕ್ಟರ್ ಸಲೀಸಾಗಿ ತೀರ್ಮಾನಿಸಿದರು. "ಅವನ ಹೆಸರು ಎಡಗೈಯಿಂದ ಬರುತ್ತೆ ಬಿಡು."

ಸಂದೇಶದ ಐಪಿ ನಂಬರನ್ನು ಅವಳು ಅವತ್ತೇ ತುರ್ತು ಎಂದು ಕಂಪನಿಗೆ ಕಳಿಸಿದಳು.

ಮಂಗಳವಾರ ಸುದ್ದಿ ಊರೆಲ್ಲ ಹಬ್ಬಿತು. ಡಾಕ್ಟರಮ್ಮನ ಕೈಯಲ್ಲಿ ಗಾಯ ಕಟ್ಟಿಸಿಕೊಂಡವರು, ಹೊಲಿಗೆ ಹಾಕಿಸಿಕೊಂಡವರು ಓಣಿಗೆ ನುಗ್ಗಿದರು. ಚೌಕಟ್ಟೇ ಇಲ್ಲದ ಬಾಗಿಲಿಗೆ ಒದೆಯುವ ಕೆಲಸವೂ ಇರಲಿಲ್ಲ. ಮೇಜು ಮುರಿದರು, ಕೀಲಿಗಳನ್ನು ಚರಂಡಿಗೆ ಸುರಿದರು, ಅಡ್ಡ ಬಂದ ಅಣ್ಣನ ತಲೆಗೆ ಅಲ್ಲೇ ಸಿಕ್ಕ ಇಕ್ಕಳದಿಂದ ಹೊಡೆದರು. ತಲೆಗೆ ಬಟ್ಟೆ ಸುತ್ತಿಕೊಂಡು ಅಣ್ಣ ಠಾಣೆಗೆ ಬಂದಾಗ ಅಂಗಿಯ ಕಾಲರಿನವರೆಗೆ ರಕ್ತ ಒಣಗಿತ್ತು.

"ಮೇಡಂ, ಅವನು ನೊಣ ಹೊಡೆಯೋನಲ್ಲ. ನೀವಾದ್ರೂ ಹೇಳಿ."

"ಹಾಗಾದ್ರೆ ವಿಪಿಎನ್ ಯಾಕೆ ಹಾಕ್ಕೊಂಡಿದ್ದ?"

ಅಣ್ಣ ನೆಲ ನೋಡಿದ. "ನನ್ನಿಂದ ಮೇಡಂ. ಮನೆ ವೈಫೈ ನಂದು. ಯಾರು ಯಾವ ಸೈಟ್ ನೋಡಿದ್ರು ಅಂತ ನನ್ನ ಫೋನಲ್ಲಿ ಕಾಣ್ಸುತ್ತೆ. ಊಟಕ್ಕೆ ಕೂತಾಗ ಓದಿ ಹೇಳಿ ಎಲ್ಲರನ್ನೂ ನಗಿಸ್ತಿದ್ದೆ. ಒಂದಿನ ಇವನು ಉಗ್ಗು ಹೋಗೋಕೆ ಏನೋ ಹುಡುಕಿದ್ದ. 'ಏನೋ ತಮ್ಮಾ, ಭಾ-ಭಾ-ಭಾಷಣ ಮಾಡ್ತೀಯಾ?' ಅಂದೆ. ಮಕ್ಕಳೆಲ್ಲ ನಕ್ಕರು. ಅವನು ತಟ್ಟೆ ಬಿಟ್ಟು ಎದ್ದ. ಮಾರನೇ ದಿನದಿಂದ ನನ್ನ ಫೋನಲ್ಲಿ ಅವನದು ಒಂದೂ ಕಾಣಲಿಲ್ಲ. ಉಗ್ಗಿನ ಅಭ್ಯಾಸದ ಗುಂಪಿನವರಲ್ಲಿ ಯಾರೋ ಕಳಿಸಿದ ಆ್ಯಪ್ ಅಂತೆ."

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕಂಪನಿಯ ಉತ್ತರ ಬಂತು. ಹದಿನೈದನೆಯ ಸಂದೇಶ ಹೊರಟ ಸಂಪರ್ಕ ಯಾರದು ಎಂಬ ಸಾಲಿನ ಮುಂದೆ ಅವಳದೇ ಠಾಣೆಯ ಹೆಸರಿತ್ತು.

ಅವಳು ಅದನ್ನು ನಾಲ್ಕು ಸಲ ಓದಿದಳು. ತಲೆ ಎತ್ತಿ ಚಾರ್ಜಿಗೆ ಹಾಕಿದ್ದ ಫೋನು ನೋಡಿದಳು. ಹಸಿರು ಬೀಗ ಉರಿಯುತ್ತಲೇ ಇತ್ತು. ಎದ್ದು ಹೋಗಿ ಆ ಆ್ಯಪಿನ ಒಪ್ಪಂದ ತೆರೆದಳು. ಎಲ್ಲರೂ ಓದದೆ 'ಒಪ್ಪಿದೆ' ಎಂದು ಒತ್ತುವ ಆ ಉದ್ದನೆಯ ಬರಹವನ್ನು ಅವಳು ಸಾಲು ಬಿಡದೆ ಓದಿದಳು. ಮೂವತ್ತೆಂಟನೆಯ ಪ್ಯಾರಾದಲ್ಲಿತ್ತು: ಸೇವೆ ಉಚಿತವಾದ್ದರಿಂದ ನಿಮ್ಮ ಸಂಪರ್ಕವನ್ನು ನಮ್ಮ ಇತರ ಗ್ರಾಹಕರು ಬಳಸುವುದಕ್ಕೆ ನೀವು ಒಪ್ಪಿರುತ್ತೀರಿ.

ಇನ್ನೇನು ಬೇಕಿತ್ತು? ಬೀಗದವನು ಮಾಡುವುದನ್ನೆಲ್ಲ ಬೇರೆಲ್ಲೋ ಹೊರಬಿಟ್ಟು, ಯಾವನೋ ಮಾಡುವುದನ್ನು ಬೀಗದವನ ಮನೆಯಿಂದ ಹೊರಬಿಡುತ್ತಿತ್ತು ಆ ಆ್ಯಪ್. ಇಂಥ ಊರಿನ ಸಂಪರ್ಕವೇ ಬೇಕು ಎಂದು ಕೇಳಿದವನಿಗೆ ಆ ಊರಿನ ಯಾವುದೋ ಪುಕ್ಕಟೆ ಗಿರಾಕಿಯ ಮನೆಯನ್ನು ದಾರಿ ಮಾಡಿಕೊಡುತ್ತಿತ್ತು. ಈ ಊರಿನಲ್ಲಿ ಆ ಗಿರಾಕಿ ಇವನು. ಫೋನು ಠಾಣೆಗೆ ಬಂತು, ದಾರಿಯೂ ಠಾಣೆಗೆ ಬಂತು. ಐಪಿ ನಂಬರ್ ನಿಜವನ್ನೇ ಹೇಳಿತ್ತು. ಬಾಗಿಲು ಯಾವುದೆಂದು ಹೇಳಿತ್ತು, ದಾಟಿದವನು ಯಾರೆಂದು ಅದು ಯಾವತ್ತೂ ಹೇಳಿರಲಿಲ್ಲ. ಅಷ್ಟನ್ನು ತಾನೇ ಸೇರಿಸಿಕೊಂಡಿದ್ದಳು.

ಕಾಗದ ಹಿಡಿದು ಇನ್ಸ್‌ಪೆಕ್ಟರ್ ಮುಂದೆ ನಿಂತಳು. ಅವರು ಓದಿದರು. ಮುಖ ಕೆಂಪಾಯಿತು.

"ಈ ಕಾಗದ ಬಂದಿಲ್ಲ."

"ಬಂದಿದೆ ಸರ್. ಒಳಬಂದ ಪತ್ರಗಳ ಪುಸ್ತಕಕ್ಕೆ ಏರಿಸಿಬಿಟ್ಟೆ. ಸೀಲೂ ಹಾಕಿದೆ."

"ಯಾರು ಹೇಳಿದ್ರು ನಿನಗೆ?"

"ಬಂದದ್ದನ್ನೆಲ್ಲ ಏರಿಸಬೇಕು ಅಂತ ನೀವೇ ಹೇಳಿದ್ರಿ ಸರ್."

ಇನ್ಸ್‌ಪೆಕ್ಟರ್ ಎಸೆದ, ಕಾಗದದ ಮೇಲಿಡುವ ಗಾಜಿನ ಗುಂಡು ಅವಳ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿದು ಚೂರಾಯಿತು. ಒಂದು ಚೂರು ಕೆನ್ನೆ ಸೀಳಿತು. "ಬೆದರಿಕೆ ಪೊಲೀಸ್ ಸ್ಟೇಷನ್ನಿಂದಲೇ ಹೋಯ್ತು ಅಂತ ಊರು ನಗಬೇಕಾ? ಮಧ್ಯಾಹ್ನ ಮೀಟಿಂಗ್ ಮುಗಿಸಿ ಬರ್ತೀನಿ. ಅವನು ತಪ್ಪೊಪ್ಪಿಗೆಗೆ ಎಡಗೈಯಲ್ಲಿ ಹೆಬ್ಬೆಟ್ಟು ಒತ್ತುತಾನೆ. ಒತ್ತಲಿಲ್ಲ ಅಂದ್ರೆ ಆ ಕೈಯಲ್ಲಿ ಹೆಬ್ಬೆಟ್ಟೇ ಇರಲ್ಲ. ಹಿಡಿಯೋಳು ನೀನೇ."

ಜೀಪು ಹೋದ ಮೇಲೆ ಅವಳು ಕಂಬಿಯ ಬಳಿ ಹೋದಳು. ಬೀಗದವನ ಬಲಗೈ ಬದನೆಕಾಯಿಯಂತೆ ಊದಿ ಕಪ್ಪಗಾಗಿತ್ತು. ಅವಳ ಕೆನ್ನೆಯ ರಕ್ತ ನೋಡಿ ಅವನು ಗೋಡೆಗೆ ಸರಿದ. ಅವಳು ನೆಲಕ್ಕೆ ಕೂತು, ನಡೆದದ್ದನ್ನೆಲ್ಲ ಹೇಳಿದಳು. ಅವನು ತೊಡೆ ತಟ್ಟುತ್ತ, ಒಂದೊಂದೇ ಮಾತನ್ನು ಎಳೆದು ತಂದ.

"ಪು... ಪುಕ್ಕಟೆ ಬೀಗ ಯಾರು ಕೊಡ್ತಾರೆ ಮೇಡಂ? ನ... ನಕಲು ಕೀಲಿ ಇಟ್ಕೊಂಡೋನು. ನಾನೇ ಗಿ... ಗಿರಾಕಿಗಳಿಗೆ ಹೇಳ್ತಿದ್ದೆ. ನನ್ನ ವಿಷಯಕ್ಕೆ ಮರೆತೆ."

ದಫೇದಾರ ಬಾಗಿಲಲ್ಲಿ ನಿಂತಿದ್ದ. ಇಪ್ಪತ್ತೆಂಟು ವರ್ಷದ ನೌಕರಿ, ಇನ್ನು ಎಂಟು ತಿಂಗಳಿಗೆ ನಿವೃತ್ತಿ.

"ದಫೇದಾರ್ರೇ, ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ತಂಗೀ, ತಲೆ ನೆಟ್ಟಗಿದೆಯಾ? ಕೆಲಸ ಹೋಗುತ್ತೆ."

"ಗೊತ್ತು."

ಅವನು ಮೀಸೆ ತಿರುವಿದ, ಆಚೆ ಈಚೆ ನೋಡಿದ. ಬೀಗದಕೈ ಗೊಂಚಲನ್ನು ಮೇಜಿನ ಮೇಲೆ ಇಟ್ಟ. "ನನಗೆ ಹೊಟ್ಟೆ ಸರಿ ಇಲ್ಲ, ಹಿಂದೆ ಹೋಗಿ ಬರ್ತೀನಿ. ಅರ್ಧ ಗಂಟೆ ಆಗುತ್ತೆ. ಈ ವಯಸ್ಸಿಗೆ ಅಷ್ಟು ಬೇಕೇ ಬೇಕು."

ಗಾಯದ ವಾರ್ಡಿನ ಮುಂದೆ ಡಾಕ್ಟರಮ್ಮನ ಕಾವಲಿಗೆ ಇಬ್ಬರು ಬಂದೂಕಿನ ಪೇದೆಗಳಿದ್ದರು. ಒಳಗೆ ಬಂದವನು ಯಾರೆಂದು ತಿಳಿದಾಗ ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹಿಂದೆ ಹೋದರು.

"ನನ್ನ ಅಮ್ಮನ ಕಾಲು ಸುಟ್ಟವನನ್ನ ನನ್ನ ಕೈಗೇ ತಂದ್ರಾ?"

"ಇವನಲ್ಲ ಮೇಡಂ. ಇವನು ಅಂತ ಹೇಳಿದವಳು ನಾನು. ತಪ್ಪಾಯ್ತು." ಅವಳು ಕಂಪನಿಯ ಕಾಗದವನ್ನು ಮುಂದಿಟ್ಟಳು.

ಡಾಕ್ಟರಮ್ಮ ಕಾಗದ ಓದಿದರು. ಕೈ ನೋಡಿದರು. ಮತ್ತೆ ಕಾಗದ. ಕೊನೆಗೆ ಕುರ್ಚಿಗೆ ಮರಳಿ, ಗಾಯದ ಪುಸ್ತಕ ತೆರೆದು ಪೆನ್ನು ತೆಗೆದರು.

"ಇದು ಹೇಗಾಯ್ತು?"

ಬೀಗದವನ ತುಟಿ ಅದುರಿತು. ಅವಳೇ ಹೇಳಿದಳು. "ಲಾಠಿಯಿಂದ ಮೂರು ಏಟು. ಸೋಮವಾರ, ಹನ್ನೆರಡು ಗಂಟೆ. ಹೊಡೆದದ್ದು ಇನ್ಸ್‌ಪೆಕ್ಟರ್. ಮಣಿಕಟ್ಟು ಹಿಡಿದದ್ದು ನಾನು."

ಡಾಕ್ಟರಮ್ಮ ತಲೆ ಎತ್ತಿದರು. "ನೀವು ಹಿಡಿದದ್ದನ್ನೂ ಬರೆಯಬೇಕಾ?"

"ಬರೀರಿ."

ಎರಡು ಸಾಲು ಮುಗಿಯುವಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಯಾರು ಸುದ್ದಿ ಮುಟ್ಟಿಸಿದರೋ. ಇನ್ಸ್‌ಪೆಕ್ಟರ್ ಬಾಗಿಲು ದೂಡಿಕೊಂಡು ಬಂದವರೇ ಅವಳ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದರು. ಕಣ್ಣಿಗೆ ಕತ್ತಲೆ ಕವಿಯಿತು. ಬೀಗದವನನ್ನು ಕಾಲರ್ ಹಿಡಿದು ಎಳೆದರು. ಅವನು ಎಡಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು ನೆಲಕ್ಕೆ ಮುದುಡಿದ. ಬೂಟುಗಾಲು ಅವನ ಪಕ್ಕೆಗೆ ಒಂದು, ಎರಡು, ಮೂರು ಸಲ ಬಿತ್ತು. ಅವಳು ಎದ್ದು ಅವನ ಎಡಗೈಯ ಮೇಲೆ ಅಡ್ಡ ಬಿದ್ದಳು. ನಾಲ್ಕನೆಯದು ಅವಳ ಬೆನ್ನಿಗೆ ಬಿತ್ತು.

"ಬರೀತಾ ಇದೀನಿ," ಎಂದರು ಡಾಕ್ಟರಮ್ಮ. ಕುರ್ಚಿಯಿಂದ ಎದ್ದಿರಲಿಲ್ಲ. ಪೆನ್ನು ಓಡುತ್ತಲೇ ಇತ್ತು. "ಪಕ್ಕೆಗೆ ಮೂರು, ಬೆನ್ನಿಗೆ ಒಂದು. ಇನ್ನೂ ಹೊಡೆಯೋದಿದ್ರೆ ಹೊಡೀರಿ, ಪುಟ ಖಾಲಿ ಇದೆ. ಕಂಟ್ರಾಕ್ಟರನ ಮಗನ ವಿಷಯದಲ್ಲಿ ಬರೆದುಕೊಟ್ಟದ್ದನ್ನೇ ನಾನು ತಿದ್ದಲಿಲ್ಲ. ನಿಮಗೆ ತಿದ್ದುತೀನಾ?"

ಬಂದೂಕಿನ ಪೇದೆಗಳು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಹೊಲಿಗೆ ಹಾಕಿಸಿಕೊಳ್ಳಲು ಬಂದವರು, ಮಕ್ಕಳನ್ನೆತ್ತಿಕೊಂಡ ತಾಯಂದಿರು, ಗಾಲಿಮಂಚದ ಮೇಲಿನವನು, ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿದ್ದರು. ಇನ್ಸ್‌ಪೆಕ್ಟರ್ ಕಾಲು ಕೆಳಗಿಳಿಸಿದರು. ಟೋಪಿ ಸರಿಮಾಡಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಆ ಪುಟ ನ್ಯಾಯಾಲಯಕ್ಕೆ ಹೋಯಿತು. ಇನ್ಸ್‌ಪೆಕ್ಟರ್ ಮೇಲೆ ಮೊಕದ್ದಮೆ ನಡೆಯುತ್ತಿದೆ. ಅವಳು ಅದರಲ್ಲಿ ಎರಡನೆಯ ಆರೋಪಿಯೂ ಹೌದು, ಮೊದಲ ಸಾಕ್ಷಿಯೂ ಹೌದು, ಕೆಲಸದಿಂದ ಅಮಾನತಿನಲ್ಲಿದ್ದಾಳೆ. ಡಾಕ್ಟರಮ್ಮ ಕೂಲಿಯಾಳಿನ ಪರವಾಗಿ ಸಾಕ್ಷಿ ಹೇಳಿ ಮುಗಿಸಿದರು, ಕಂಟ್ರಾಕ್ಟರನ ಮಗನಿಗೆ ಶಿಕ್ಷೆಯಾಯಿತು. ಸಂದೇಶ ಕಳಿಸಿದ, ಗೇಟಿಗೆ ಬೆಂಕಿ ಹಚ್ಚಿದ ಕೈ ಯಾರದೆಂದು ಇಂದಿನವರೆಗೆ ಗೊತ್ತಾಗಿಲ್ಲ. ವಿಪಿಎನ್ ನಡೆಸುವವರಿಗೆ ಬರೆದ ಮೂರು ಪತ್ರಗಳಿಗೂ ಉತ್ತರವಿಲ್ಲ. ಅವರ ವಿಳಾಸ ಎಂದು ಕೊಟ್ಟ ಕಡೆ ಬರೀ ಅಂಚೆಪೆಟ್ಟಿಗೆ ಇದೆಯಂತೆ.

ಬೀಗದವನ ಬಲಗೈಯ ಮೂರು ಬೆರಳು ಮಡಚಲು ಬರುವುದಿಲ್ಲ. ಒಂದು ವರ್ಷ ಎಡಗೈಯಲ್ಲಿ ಅರ ಹಿಡಿಯುವುದನ್ನು ಕಲಿತ. ಈಗ ಆಸ್ಪತ್ರೆಯ ಎದುರು ಸಾಲಿನ ಕೊನೆಯ ಅಂಗಡಿಯಲ್ಲಿ ಕೂತು, ದಿನಕ್ಕೆ ಏಳೆಂಟು ಕೀಲಿಗಳನ್ನು ಎಡಗೈಯಲ್ಲೇ ಉಜ್ಜಿ ಕೊಡುತ್ತಾನೆ.